ಬಿಗಿ ಮಾಡಿದ ಬಿಲ್ಲೆ

ಸಾಸಿವೆಯ ಅಂಗಿ ಮತ್ತೆ ಒದ್ದೆಯಾಗಿತ್ತು. ಬೆಳಗಿನಿಂದ ಇದು ಎಷ್ಟನೆಯದೋ, ಲೆಕ್ಕ ಇಡುವುದನ್ನು ತಾಯಿ ಬಿಟ್ಟೇಬಿಟ್ಟಿದ್ದಳು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುವಷ್ಟಿದ್ದ ಮಗಳಿಗೆ ಅಪ್ಪನೇ ಇಟ್ಟ ಅಡ್ಡಹೆಸರು ಸಾಸಿವೆ. ಆರು ವರ್ಷವಾದರೂ ಅವಳು ಮೈ ತುಂಬಿಕೊಳ್ಳಲಿಲ್ಲ, ಹೆಸರೂ ಬಿಟ್ಟುಹೋಗಲಿಲ್ಲ. ಬಾಯಿಂದ ನುಂಗಿದ್ದೆಲ್ಲ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತಿದ್ದುದರಿಂದ, ಆಪರೇಷನ್ ಮಾಡಿ, ಹೊಟ್ಟೆಗೆ ನೇರವಾಗಿ ಒಂದು ಟ್ಯೂಬು ಕೂರಿಸಿ ಮನೆಗೆ ಕಳಿಸಿದ್ದರು. ಇನ್ನು ಹಾಲು, ಔಷಧಿ, ನೀರು ಎಲ್ಲ ಅದರಿಂದಲೇ. ಟ್ಯೂಬು ಜಾರದಿರಲೆಂದು ಚರ್ಮದ ಮೇಲೆ, ಅದಕ್ಕೇ ತೊಡಿಸಿದ ಒಂದು ಪ್ಲಾಸ್ಟಿಕ್ ಬಿಲ್ಲೆ. ಆ ಬಿಲ್ಲೆಯ ಅಡಿಯಿಂದಲೇ ಹಾಳಾದ್ದು ಸೋರುತ್ತಿತ್ತು.

ಸೋರಿದರೆ ಒರೆಸಬಹುದು, ಅದೇನು ದೊಡ್ಡ ವಿಷಯ ಅನ್ನಬಹುದು. ಹಾಗೆ ಅಂದವರೂ ಇದ್ದರು. ಆದರೆ ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತು ಹೇಳಿದ್ದರು: "ಸುತ್ತ ಹುಣ್ಣಾಗೋಕೆ ಬಿಡ್ಬೇಡಿ. ಹುಣ್ಣಾದ್ರೆ ಇದನ್ನ ತೆಗೆದು ಇನ್ನೊಂದು ಆಪರೇಷನ್ ಮಾಡ್ಬೇಕಾಗುತ್ತೆ. ಇವಳ ಮೈ ಇನ್ನೊಂದನ್ನ ತಡ್ಕೊಳ್ಳುತ್ತೆ ಅಂತ ನಾನು ಹೇಳಲಾರೆ." ಅವತ್ತಿನಿಂದ ತಾಯಿಗೆ ಕಣ್ಣು ಮುಚ್ಚಿದರೂ ಅದೇ ಬಿಲ್ಲೆ, ಬಿಟ್ಟರೂ ಅದೇ ಬಿಲ್ಲೆ.

ಮನೆಗೆ ಬಂದವರೆಲ್ಲ ಒಂದೊಂದು ಬುದ್ಧಿವಾದ ಹೇಳಿ ಹೋಗುತ್ತಿದ್ದರು. ನಾದಿನಿಯಂತೂ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಶುರು. "ಇಷ್ಟು ಒರೆಸಿದ್ರೆ ಚರ್ಮ ಉಳಿಯುತ್ತಾ ಅತ್ತಿಗೆ? ಸ್ವಲ್ಪ ಗಾಳಿಗೆ ಬಿಡಿ."

"ಗಾಳಿಗೆ ಬಿಡ್ತೀನಿ, ನೀವು ಬಂದು ಹಾಸಿಗೆ ಒಗೀರಿ."

ನಾದಿನಿ ಆಮೇಲೆ ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ತಾಯಿಗೆ ಅದೇ ಒಂದು ಸಮಾಧಾನ.

ಅಪ್ಪನಿಗೆ ನಲ್ಲಿ, ಪೈಪುಗಳ ಕೆಲಸ. ಊರವರ ಅಡುಗೆಮನೆ, ಬಚ್ಚಲುಮನೆಗಳ ಸೋರಿಕೆ ನಿಲ್ಲಿಸಿ ಬಂದು, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು ಮಗಳ ಮಂಚದ ಪಕ್ಕ ನಿಲ್ಲುತ್ತಿದ್ದ. "ನಾನು ಹಾಕ್ಲೇನೇ ಹಾಲು?" ಎಂದು ದಿನಾ ಕೇಳುತ್ತಿದ್ದ.

"ಬಿಡ್ರಿ, ನಿಮಗೆ ಗೊತ್ತಾಗಲ್ಲ."

ಗೊತ್ತಾಗುವುದಾದರೂ ಹೇಗೆ? ವಾರ್ಡಿನೊಳಗೆ ಒಬ್ಬರಿಗೇ ಪ್ರವೇಶ ಅಂದಿದ್ದರು. ನರ್ಸು ತಾಯಿಗೆ ಎಲ್ಲ ಹೇಳಿಕೊಡುವಾಗ ಅವನು ಹೊರಗಿನ ಬೆಂಚಿನ ಮೇಲೆ ಚೀಲ ಕಾಯುತ್ತಿದ್ದ. ಮನೆಗೆ ಬಂದ ಮೇಲೆ ಕಲಿಸುವಷ್ಟು ತಾಳ್ಮೆ ಇವಳಿಗೆ ಉಳಿದಿರಲಿಲ್ಲ. ಅವನು ಪಕ್ಕದಲ್ಲಿ ನಿಂತರೆ ಬೆಳಕಿಗೆ ಅಡ್ಡ, ಕೂತರೆ ಹಾಸಿಗೆ ಕುಗ್ಗುತ್ತದೆ, ಮಾತಾಡಿದರೆ ಮಗಳು ನಗುತ್ತಾಳೆ, ನಕ್ಕರೆ ಇನ್ನಷ್ಟು ಸೋರುತ್ತದೆ. ಎಲ್ಲದಕ್ಕೂ ಬೈಗುಳ ತಪ್ಪುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಇದ್ದಕ್ಕಿದ್ದಂತೆ ಸೋರುವುದು ನಿಂತಿತು. ಬೆಳಿಗ್ಗೆ ಅಂಗಿ ಒಣ, ಮಧ್ಯಾಹ್ನ ಒಣ, ಸಂಜೆಯೂ ಒಣ. ತಾಯಿಗೆ ಹೋದ ಜೀವ ಬಂದಂತಾಯಿತು. ಮರುದಿನವೂ ಒಣಗಿಯೇ ಇದ್ದಾಗ ನಾದಿನಿಗೆ ತಾನೇ ಫೋನ್ ಮಾಡಿ ಹೇಳಿಕೊಂಡಳು, ಅಂದರೆ ಎಷ್ಟು ಖುಷಿಯಾಗಿರಬೇಕು ನೋಡಿ. ದಿನಾ ಬಿಲ್ಲೆ ಎತ್ತಿ ಅಡಿಯಲ್ಲಿ ಒರೆಸುವವಳು, ವಾಸಿಯಾಗುತ್ತಿರುವುದನ್ನು ಕೆದಕುವುದು ಬೇಡವೆಂದು ಎರಡು ದಿನ ಮುಟ್ಟದೆ ಬಿಟ್ಟಳು.

ಮೂರನೆಯ ದಿನ ಸಾಸಿವೆ ಮಂಚದಿಂದ ಇಳಿದು ಬಾಗಿಲವರೆಗೆ ನಡೆದಳು. ಬೆನ್ನು ನೆಟ್ಟಗೆ ಮಾಡಲಿಲ್ಲ, ಒಂದು ಕೈ ಹೊಟ್ಟೆ ಬಿಡಲಿಲ್ಲ.

"ಯಾಕೇ ಹಾಗೆ ನಡೀತೀಯ? ನೋವಾ?"

ಮಗಳು ಇಲ್ಲವೆಂದು ತಲೆಯಾಡಿಸಿದಳು. ತಾಯಿ ಅಂಗಿ ಎತ್ತಿ ಬಿಲ್ಲೆಯನ್ನು ಮೆಲ್ಲಗೆ ಎಳೆದು ನೋಡಿದಳು. ಅದು ಏಳಲೇ ಇಲ್ಲ. ಚರ್ಮಕ್ಕೂ ಅದಕ್ಕೂ ನಡುವೆ ಇರಬೇಕಾದ ಜಾಗವೇ ಇರಲಿಲ್ಲ. ಅಂಚಿನ ಸುತ್ತ ಕೆಂಪು ಬಳೆ ಎದ್ದಿತ್ತು.

"ಏನ್ರೀ! ಇದನ್ನ ಯಾರು ಮುಟ್ಟಿದ್ದು?"

ಕೆಲಸಕ್ಕೆ ಹೊರಟು ನಿಂತಿದ್ದ ಅಪ್ಪ ಚೀಲ ಕೆಳಗಿಟ್ಟ. "ಮೊನ್ನೆ ಬೆಳಿಗ್ಗೆ ನೀನು ತಾರಸಿ ಮೇಲೆ ಬಟ್ಟೆ ಒಣಹಾಕ್ತಿದ್ದಾಗ ನಾನೇ ಸ್ವಲ್ಪ ಒತ್ತಿದೆ. ಕೈ ತೊಳ್ಕೊಂಡೇ ಮಾಡಿದ್ದು. ಸೋರ್ತಾ ಇತ್ತಲ್ಲ."

"ಸೋರಿದ್ರೆ?"

"ಬಿಗಿ ಮಾಡ್ಬೇಕಲ್ವಾ?" ಜೀವಮಾನವಿಡೀ ಅದನ್ನೇ ಮಾಡಿಕೊಂಡು ಬಂದವನು ಅದನ್ನೇ ಹೇಳಿದ. "ನಿಂತೂ ಹೋಯ್ತಲ್ಲ."

"ಇದೇನು ನಿಮ್ಮ ನಲ್ಲೀನಾ? ಮಗುವಿನ ಹೊಟ್ಟೆ ಕಣ್ರೀ ಇದು, ಹೊಟ್ಟೆ!" ತಾಯಿಯ ಕೂಗು ಬೀದಿಗೆ ಕೇಳಿಸಿತು. ಮುಂದೆ ಅವಳು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದು ಬೇಡ. ಅವನು ಮಗಳನ್ನು ಎತ್ತಿಕೊಂಡು ಆಟೋ ಕರೆಯಲು ಓಡಿದ. ದಾರಿಯುದ್ದಕ್ಕೂ ತಾಯಿ ಮಗಳನ್ನು ಕೇಳುತ್ತಲೇ ಇದ್ದಳು. "ಇಷ್ಟು ನೋಯ್ತಿದ್ರೂ ಯಾಕೆ ಹೇಳ್ಲಿಲ್ಲ? ಬಾಯಿಲ್ವಾ ನಿನಗೆ?" ಮಗಳು ಅಪ್ಪನ ಅಂಗಿಯ ಗುಂಡಿ ತಿರುಗಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಅದೇ ನರ್ಸು ಬಿಲ್ಲೆ ಸಡಿಲಿಸಿ, ಮುಲಾಮು ಹಚ್ಚಿದಳು. ಡಾಕ್ಟರು ಬಗ್ಗಿ ಬಗ್ಗಿ ನೋಡಿದರು. ಆಪರೇಷನ್ ಬೇಡ, ಸದ್ಯಕ್ಕೆ ಬೇಡ, ಅಂದರು. ಕೆಂಪು ಹರಡಿದರೆ ಮಾತ್ರ ಆ ಕ್ಷಣವೇ ಕರೆದುಕೊಂಡು ಬರಬೇಕು.

"ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟಿದ್ರೆ ಟ್ಯೂಬಿನ ಒಳಗಿನ ತುದಿ ಹೊಟ್ಟೆ ಗೋಡೆಯಲ್ಲೇ ಹೂತುಹೋಗ್ತಿತ್ತು," ಎಂದು ನರ್ಸು ಅಪ್ಪನ ಕಡೆ ತಿರುಗಿದಳು. "ಸೋರೋದು ಗಾಯ ಕೂಡೋವರೆಗೆ ಇದ್ದದ್ದೇ. ನಿಮಗೆ ಇದನ್ನೆಲ್ಲ ಯಾರೂ ಹೇಳ್ಲಿಲ್ವಾ?"

ಅವನು ಹೆಂಡತಿಯ ಮುಖ ನೋಡಿದ.

"ಅವರು ಮನೇಲಿ ಇರೋದೇ ಇಲ್ಲ," ಎಂದಳು ತಾಯಿ.

"ಇರೋವಾಗ ಹೇಳಿಕೊಡಿ ಅಮ್ಮ. ನಾಳೆ ನೀವೇ ಜ್ವರ ಬಂದು ಮಲಗಿದ್ರೆ ಇವಳಿಗೆ ಹಾಲು ಹಾಕೋರು ಯಾರು?"

ತಾಯಿಗೆ ಮೈಯೆಲ್ಲ ಉರಿಯಿತು. ತಪ್ಪು ಮಾಡಿದವನು ಒಬ್ಬ, ಪಾಠ ಹೇಳಿಸಿಕೊಳ್ಳುವವಳು ಇನ್ನೊಬ್ಬಳು! ಆದರೂ ನರ್ಸು ಹೇಳಿದ್ದು ಸರಿಯೇ ಇತ್ತು, ಅದು ಇನ್ನೂ ಹೆಚ್ಚು ಉರಿಸಿತು.

ಮನೆಗೆ ಬಂದು, ಹಾಲಿನ ಹೊತ್ತಾದಾಗ ಅವಳು ಸಿರಿಂಜನ್ನು ಗಂಡನ ಮುಂದೆ ಚಾಚಿದಳು. "ಹಿಡೀರಿ."

"ಬೇಡ ಕಣೇ. ನೀನೇ ಹಾಕು. ನನ್ನ ಕೈ ಸರಿಯಿಲ್ಲ."

"ಕೆಡಿಸಿಟ್ಟು ಈಗ ಬೇಡ ಅಂದ್ರೆ? ಹಿಡೀರಿ ಅಂದೆ!"

ಅವನು ಹಿಡಿದ. ದಪ್ಪ ಪೈಪುಗಳನ್ನು ತಿರುಗಿಸುವ ಬೆರಳುಗಳಲ್ಲಿ ಅದು ಪುಟ್ಟದಾಗಿ ಕಂಡಿತು. ಅವಳು ಹೇಳಿಕೊಟ್ಟಂತೆ ಟ್ಯೂಬಿಗೆ ಸಿಕ್ಕಿಸಿ, ಹಾಲು ಸುರಿದು, ಮೇಲಕ್ಕೆತ್ತಿದ. ಬರೀ ನೋಡುತ್ತ ನಿಲ್ಲುವುದು ತಾನೇ ಮಾಡುವುದಕ್ಕಿಂತ ಕಷ್ಟ ಎಂದು ತಾಯಿಗೆ ಆಗ ತಿಳಿಯಿತು. ಕೈಗೆ ಕೆಲಸವಿಲ್ಲದೆ ಸೆರಗು ಹಿಂಡುತ್ತಿದ್ದಳು.

"ಅಪ್ಪ, ಮೊನ್ನೆ ನೀನು ಒತ್ತಿದಾಗ ತುಂಬ ನೋವಾಯ್ತು," ಎಂದಳು ಸಾಸಿವೆ. ದನಿ ತಗ್ಗಿಸಿದ್ದಳು, ಆದರೆ ಆ ಕೋಣೆಯಲ್ಲಿ ತಗ್ಗಿಸಿದ ದನಿ ಕೇಳದಷ್ಟು ಜಾಗ ಇರಲಿಲ್ಲ.

"ಹೇಳ್ಬಾರ್ದಿತ್ತಾ ಪುಟ್ಟೀ?"

"ಹೇಳಿದ್ರೆ ಅಮ್ಮ ನಿಂಗೆ ಬೈತಿದ್ಲು."

ತಾಯಿ ಗೋಡೆಯ ಕಡೆ ತಿರುಗಿದಳು. ಇಷ್ಟು ದಿನ ಅವಳು ಬೈದದ್ದೆಲ್ಲ ಮಗಳು ಉಳಿಯಲಿ ಎಂದು. ಅದೇ ಬೈಗುಳಕ್ಕೆ ಹೆದರಿ ಮಗಳು ಮೂರು ದಿನ ನೋವು ನುಂಗಿಕೊಂಡಿದ್ದಳು. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು, ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ತಿರುಗಿದರೆ, ಗಂಡ ಗಾಬರಿಯಲ್ಲಿ ಸಿರಿಂಜನ್ನು ತಲೆಯ ಮಟ್ಟಕ್ಕೆ ಎತ್ತಿಬಿಟ್ಟಿದ್ದಾನೆ, ನಿಧಾನ ಇಳಿಯಬೇಕಾದ ಹಾಲು ಸರಸರ ಇಳಿಯುತ್ತಿದೆ. ಬುದ್ಧಿ ಇದೆಯೇನ್ರೀ ಎಂಬ ಮಾತು ನಾಲಿಗೆಯ ತುದಿವರೆಗೆ ಬಂತು. ಅವಳು ಅದನ್ನು ಅಲ್ಲೇ ತಡೆದಳು.

"ಸ್ವಲ್ಪ ಕೆಳಗೆ ಹಿಡೀರಿ," ಎಂದಳು.

ಅವನು ಕೈ ಇಳಿಸಿದ. ಸಾಸಿವೆ ಉಸಿರು ಬಿಗಿಹಿಡಿದು ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ಬೈದಿದ್ದಲ್ಲ ಕಂದ," ಎಂದಳು ತಾಯಿ. "ಹೇಳಿದ್ದು ಅಷ್ಟೇ."