ಸೋದರಮಾವನ ಪಂಚೆ

"ಸೋದರಮಾವ ಎಲ್ರೀ? ಹೆಣ್ಣು ಕರ್ಕೊಂಡು ಬರಬೇಕು."

ಮೈಕಿನ ದನಿ ಹಳೇಬೀಡಿನ ಸಮುದಾಯ ಭವನದ ಹಿಂದಿನ ಪಾಯಿಖಾನೆಗೂ ಕೇಳಿಸಿತು. ಒಳಗೆ ನಟರಾಜ್ ಗೋಡೆಗೆ ಒರಗಿ ನಿಂತಿದ್ದ. ಹೊಸ ಬಿಳಿ ಪಂಚೆ ಕೆಟ್ಟುಹೋಗಿತ್ತು. ಬಾಗಿಲು ಮುಟ್ಟುವಷ್ಟು ಹೊತ್ತೂ ಹೊಟ್ಟೆ ತಡೆದಿರಲಿಲ್ಲ.

ತಂಗಿ ಮಂಜುಳಾ ತನ್ನ ಕಿಡ್ನಿ ಕೊಟ್ಟು ಅವನನ್ನು ಉಳಿಸಿಕೊಂಡ ಮೇಲೆ ಶುರುವಾದ ಭೇದಿ ಇದು. ಹೊಸ ಕಿಡ್ನಿ ಉಳಿಯಲೆಂದು ದಿನಾ ನುಂಗುವ ಮಾತ್ರೆಯಿಂದಲೂ ಹೀಗಾಗಬಹುದು, ಆದರೆ ನೀವಾಗಿ ಅದನ್ನು ನಿಲ್ಲಿಸಬೇಡಿ ಎಂದಿದ್ದರು ಡಾಕ್ಟರು. ದಿನಕ್ಕೆ ಎಷ್ಟು ಸಲ ಎಂದು ಕೇಳಿದಾಗ, ಪಕ್ಕದಲ್ಲಿ ಕೂತಿದ್ದ ತಂಗಿಯೆದುರು ನಾಚಿ, "ಒಂದೆರಡು ಸಲ" ಎಂದಿದ್ದ. "ಮಾವ, ನೀನೇ ನನ್ನ ಕೈಹಿಡಿದು ಮಂಟಪಕ್ಕೆ ಕರ್ಕೊಂಡು ಹೋಗ್ಬೇಕು" ಎಂದು ಮದುವೆ ಗೊತ್ತಾದಾಗ ತಂಗಿಯ ಮಗಳು ಹರ್ಷಿತಾ ಹೇಳಿದ್ದಳು. ಚಪ್ಪರ ಹಾಕಿದ ದಿನದಿಂದ ಅವನು ಯಾರಿಗೂ ಹೇಳದೆ ಮಾತ್ರೆ ಬಿಟ್ಟಿದ್ದ. ಭೇದಿ ಮಾತ್ರ ನಿಂತಿರಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. "ಅಣ್ಣಯ್ಯ?"

ಅವನು ಚಿಲಕ ಅದುಮಿ ಹಿಡಿದ.

"ನಿನ್ ಚಪ್ಲಿ ಇಲ್ಲೇ ಐತೆ ಕಣಣ್ಣ."

"ಮಂಜಿ... ನನ್ ಬ್ಯಾಗಲ್ಲಿ ಇನ್ನೊಂದು ಪಂಚೆ ಐತೆ. ತತ್ತೀಯಾ?"

ಅವಳ ಹೆಜ್ಜೆ ದೂರವಾದ ಮೇಲೆ ನೆನಪಾಯಿತು. ಮಾತ್ರೆಗಳನ್ನು ಅವನು ಬಚ್ಚಿಟ್ಟದ್ದು ಆ ಪಂಚೆಯ ಮಡಿಕೆಯಲ್ಲೇ. ಕೂಗಿದರೆ ಎಲ್ಲರಿಗೂ ಕೇಳುತ್ತಿತ್ತು.

ಬಾಗಿಲ ಸಂದಿಯಲ್ಲಿ ಹಸಿರು ಬಳೆಯ ಕೈ ಪಂಚೆ ಚಾಚಿತು. ಹಿಂದೆ ಸರಿದು ಮತ್ತೆ ಬಂದಾಗ ಅದರಲ್ಲಿ ಮಾತ್ರೆ ಶೀಟಿತ್ತು.

"ಒಂದೂ ಒಡ್ದಿಲ್ಲ."

"ಮದ್ವೇಲಿ ಮರ್ಯಾದೆ ಹೋಗ್ಬಾರ್ದು ಅಂತ..."

"ಮರ್ಯಾದೆ ನಿಂದು. ಕಿಡ್ನಿ ಯಾರ್ದು?"

ಅವನು ಶೀಟು ತೆಗೆದುಕೊಂಡು ಬಾಗಿಲು ಹಾಕಿಕೊಂಡ. ಅಷ್ಟರಲ್ಲಿ ಹೊರಗೆ ಹನುಮಮ್ಮನ ದನಿ. ಊರಿಗೆಲ್ಲ ಅತ್ತೆಯಾದ ಮುದುಕಿ.

"ಏನೇ ಮಂಜುಳಾ, ನಿಮ್ಮಣ್ಣ ಆಗ್ಲೇ ಊಟದ ಪಂಕ್ತೀಲಿ ಕೂತ್ಬುಟ್ನಾ?" ಜೊತೆಗಿದ್ದವರು ನಕ್ಕರು. "ಒಳಗ್ಯಾರು?"

"ಹೆಂಗಸ್ರು ಅವ್ರೆ ಕಣತ್ತೆ. ಅಣ್ಣಯ್ಯ ಬತ್ತಾನೆ, ನೀವು ನಡೀರಿ."

ಅವರು ಹೋಗಲಿಲ್ಲ. ಅಲ್ಲೇ ನಿಂತು ಗಂಡಿನ ಕಡೆಯವರ ಸೀರೆಯ ಮಾತೆತ್ತಿದರು. ನಟರಾಜನ ಹೊಟ್ಟೆ ಮತ್ತೆ ಮುರಿಯತೊಡಗಿತು. ಬಾಗಿಲೋ ತೆಳ್ಳನೆಯ ತಗಡು, ಒಳಗಿನ ಸದ್ದೆಲ್ಲ ಹೊರಗೆ ಕೇಳುವಂಥದ್ದು. ಅವನು ಮಾತ್ರೆ ಶೀಟನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕುಕ್ಕರಿಸಿದ.

ಹೊರಗೆ ಯಾರೋ ನಲ್ಲಿ ತಿರುಗಿಸಿದರು. ಖಾಲಿ ಬಕೆಟ್ಟಿಗೆ ನೀರು ಜೋರಾಗಿ ಬಿತ್ತು.

"ಅದ್ಯಾಕೆ ನೀರು ಬಿಟ್ಟೆ?" ಹನುಮಮ್ಮ ಕೇಳಿದಳು.

"ಕಾಲು ತೊಳ್ಕೋಬೇಕು ಅತ್ತೆ."

ಬಕೆಟ್ ತುಂಬಿತು. ನೀರು ಬಾಗಿಲ ಕೆಳಗಿನಿಂದ ಹರಿದು ಅವನ ಪಾದದವರೆಗೆ ಬಂತು. ಮಂಜುಳಾ ನಲ್ಲಿ ನಿಲ್ಲಿಸಲಿಲ್ಲ.