ಮೇಷ್ಟ್ರ ಕಾರು ಮುಂದೋ ಹಿಂದೋ

ಭಾನುವಾರ ಹಳೇ ಕಾರುಗಳಲ್ಲಿ ಹಳ್ಳಿಗಾಡು ಸುತ್ತಿ ಬರೋಣವೆಂದು ಐವರು ಗೆಳೆಯರು ಗ್ಯಾರೇಜಿನಲ್ಲಿ ನಕ್ಷೆ ಹರಡಿಕೊಂಡು ಕೂತಿದ್ದರು. ದಾರಿ ಐದೇ ನಿಮಿಷದಲ್ಲಿ ತೀರ್ಮಾನವಾಯಿತು. ಮೇಷ್ಟ್ರ ಕಾರು ಸಾಲಿನಲ್ಲಿ ಎಲ್ಲಿರಬೇಕು ಎಂಬುದು ಮಾತ್ರ ಬಗೆಹರಿಯಲಿಲ್ಲ.

“ಮುಂದೆ ಬೇಡ ಮೇಷ್ಟ್ರೇ, ನಿಮ್ಮ ಹೊಗೆ ಕುಡಿದು ನಾವು ಊರು ಸೇರಲ್ಲ,” ಎಂದ ದರ್ಜಿ.

“ಹಿಂದೆ ಬಂದು ಕೆಟ್ಟು ನಿಂತ್ರೆ ತಳ್ಳೋರು ಯಾರಪ್ಪಾ?” ಎಂದರು ಮೇಷ್ಟ್ರು.

“ಈ ಸಲ ಮನೇಲೇ ಇದ್ಬಿಡಿ,” ಎಂದ ಮೆಕ್ಯಾನಿಕ್, ನಕ್ಷೆಯಿಂದ ತಲೆ ಎತ್ತದೆ.

ಮೇಷ್ಟ್ರ ಮುಖ ಸಪ್ಪಗಾಯಿತು. ಈ ಒಂದು ದಿನಕ್ಕಾಗಿ ಅವರು ಮೂರು ವಾರ ಕಾರು ಉಜ್ಜಿದ್ದರು.

ಅವರನ್ನು ಊಟಕ್ಕೆ ಕರೆಯಲು ಬಂದಿದ್ದ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದರು: “ನಾವಿಬ್ರೂ ಒಂದು ಗಂಟೆ ಮುಂಚೆ ಹೊರಡ್ತೀವಿ. ನೀವು ಬರೋಷ್ಟರಲ್ಲಿ ಹೊಗೆ ಕರಗಿರುತ್ತೆ. ನಾವೆಲ್ಲಿ ನಿಂತಿರ್ತೀವೋ ಅಲ್ಲಿಂದ ತಳ್ಳಿ.”

“ಅಕ್ಕಾ, ನೀವು ಮಂತ್ರಿ ಆಗ್ಬೇಕಿತ್ತು!” ಎಂದು ದರ್ಜಿ ಕೈಮುಗಿದ.

ಭಾನುವಾರ ಬೆಳಿಗ್ಗೆ ಏಳಕ್ಕೆ ಗಂಡ ಹೆಂಡತಿ ಹೊರಟರು. ಎಂಟಕ್ಕೆ ಹೊರಟ ನಾಲ್ಕು ಕಾರುಗಳು ಗ್ಯಾರೇಜಿನ ಬೀದಿಯ ಮೊದಲ ತಿರುವಿನಲ್ಲೇ ನಿಲ್ಲಬೇಕಾಯಿತು. ಅಲ್ಲಿ ಮೇಷ್ಟ್ರು ಕಿಟಕಿಯಿಂದ ಕೈ ಬೀಸುತ್ತಿದ್ದರು.

“ನೋಡ್ರಪ್ಪಾ, ಮುಂದೇನೇ ಇದ್ದೀನಿ. ಹೊಗೆ ಒಂಚೂರಾದ್ರೂ ಇದೆಯಾ?”