ಹಲಗೆ ಏನು ಹೇಳಿತು?

ನಾನು ಮತ್ತಿ ಮರದ ಒಂದು ಹಲಗೆ. ಶೇಷು ಆಚಾರಿಯ ಗರಗಸದಿಂದ ಸೀಳಿಸಿಕೊಂಡು ಹೊರಬಂದಾಗ ಯಾರದೋ ಮನೆಯ ಬಾಗಿಲಾಗುವ ಆಸೆ ನನಗಿತ್ತು. ಆದರೆ ನನ್ನ ನಟ್ಟನಡುವೆ ಒಂದು ಗಂಟು. "ಇದು ಬಾಗ್ಲಿಗೆ ಬರೂದಲ್ಲ, ತುಳೀಲಿಕ್ಕೆ ಸಾಕು" ಎಂದು ಆಚಾರಿ ನನ್ನನ್ನು ಗೋಡೆಗೆ ಒರಗಿಸಿಬಿಟ್ಟ. ಅಂದು ನೊಂದುಕೊಂಡೆ. ಇಂದು ಆ ಗಂಟಿನ ಉಪಕಾರವನ್ನು ನೆನೆಯದ ದಿನವಿಲ್ಲ.

ಮೊದಲು ಹೆಂಚು ಸಾಗಿಸುವ ದೋಣಿಯವರು ನನ್ನನ್ನು ಕೊಂಡರು. ಆ ದೋಣಿ ಹಳತಾದ ಮೇಲೆ ಜಟ್ಟಿ ಅಂಬಿಗನ ಲಾಂಚಿಗೆ ಬಂದೆ. ಅದು ಕಡಲ ನಡುವಿನ ಹದ್ದಿನಗುಡ್ಡಕ್ಕೆ ಜನರನ್ನು ಒಯ್ಯುವ ಲಾಂಚು. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ. ಇಡೀ ದ್ವೀಪವೇ ಅರಣ್ಯ ಇಲಾಖೆ ಕಾಯುವ ಕಾಡು. ನನ್ನ ಒಂದು ತುದಿ ಲಾಂಚಿನ ಮೇಲೆ, ಇನ್ನೊಂದು ಬಂಡೆಯ ಮೇಲೆ. ನಡುವೆ ಮನುಷ್ಯರ ಪಾದಗಳು. ಹೆದರಿದವರ ಬೆರಳುಗಳು ನನ್ನನ್ನು ಬಿಗಿಯಾಗಿ ಹಿಡಿಯುತ್ತಿದ್ದವು.

ಜಟ್ಟಿಯದೊಂದು ಪದ್ಧತಿ ಇತ್ತು. ದ್ವೀಪದಲ್ಲಿ ಇಳಿಯುವವರೆಲ್ಲ ಬುಟ್ಟಿಯಿಂದ ಒಂದೊಂದು ಕಡಲ ಚಿಪ್ಪು ಒಯ್ಯಬೇಕು, ಮರಳಿ ಹತ್ತುವಾಗ ಅದನ್ನು ಬುಟ್ಟಿಗೆ ಹಾಕಬೇಕು. ಚಿಪ್ಪು ಕಡಿಮೆಯಾದರೆ ಲಾಂಚು ಹೊರಡುತ್ತಿರಲಿಲ್ಲ. ನನ್ನನ್ನು ಇಡುವುದು, ತೊಳೆಯುವುದು, ಎಳೆದುಕೊಳ್ಳುವುದು ಅವನ ಹೆಂಡತಿ ಮಾಸ್ತಮ್ಮನ ಕೆಲಸ. ಆಕೆಗೆ ಸಣ್ಣ ಸದ್ದಿಗೂ ಎದೆ ನಡುಗುತ್ತಿತ್ತು.

ಮಳೆಗಾಲಕ್ಕೆ ಮುಂಚಿನ ಕೊನೆಯ ಯಾನ ಅದು. ಧಾರವಾಡದ ಇಂದುಮತಿಬಾಯಿ ಎಂಬ ವೃದ್ಧೆ ಹದ್ದಿನ ಗೂಡು ನೋಡಲು ಒಬ್ಬರೇ ಬಂದಿದ್ದರು. ಇಳಿಯುವ ಮೊದಲು ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಜ್ವಾಕಿಯಿಂದ ದಾಟಸವ್ವಾ" ಎಂದರು. ಜನ ನಕ್ಕರು. ನನ್ನೊಡನೆ ಮಾತಾಡಿದ ಮೊದಲ ಮನುಷ್ಯಜೀವ ಅವರು! ಅವರ ಕೋಲು ಟಕ್ ಟಕ್ ಎಂದಿತು. ಗಂಟಿನ ಮೇಲೆ ಮಾತ್ರ ದಪ್ಪಗೆ, ಟೊಕ್.

ಮಧ್ಯಾಹ್ನ ದಾಟುವಾಗ ಪಡುವಣ ಕಪ್ಪಿಟ್ಟಿತು. ದ್ವೀಪದ ಕಾವಲುಗಾರನೂ ಗಂಟುಮೂಟೆ ಕಟ್ಟಿ ಬಂದು, "ಕಾಡಿನ ಒಂದು ಕಲ್ಲೂ ಒಯ್ಯಬಾರದು!" ಎಂದು ಗದರುತ್ತಾ ಎಲ್ಲರನ್ನೂ ಹತ್ತಿಸಿದ. ಇನ್ನು ಮಳೆ ನಿಲ್ಲುವವರೆಗೆ ಅಲ್ಲಿಗೆ ಯಾರೂ ಬರುವವರಿಲ್ಲ. ಜಟ್ಟಿ ಚಿಪ್ಪು ಎಣಿಸಿದ. "ಸಮಾ ಅದೆ. ಹಲಗೆ ಎಳಿ."

ಮಾಸ್ತಮ್ಮ ನನ್ನ ತುದಿ ಹಿಡಿದಳು, ಎಳೆಯಲಿಲ್ಲ. "ಹೋಯ್, ಆ ಕೋಲಿನ ಅಮ್ಮ ಬರ್ಲಿಲ್ಲ."

"ಅಜ್ಜಿ ಇಲ್ಲೇ ಮಲಗಿದ್ದಾರೆ" ಎಂದಿತು ಒಳಗಿನಿಂದ ಒಂದು ದನಿ.

"ಬಂದಿದ್ರೆ ಹಲಗೆ ಹೇಳ್ತಿತ್ತು. ಗಂಟಿನ ಸದ್ದೇ ಆಗ್ಲಿಲ್ಲ."

"ಓಹೋ! ಇನ್ಮೇಲೆ ಹಲಗೆ ಹೇಳ್ದಂಗೆ ಲಾಂಚ್ ನಡೆಸ್ವಾ!" ಜಟ್ಟಿ ಹಂಗಿಸಿದ. "ಗಾಳಿ ಏಳ್ತಾ ಅದೆ ಮಾರಾಯ್ತಿ, ಎಳಿಯೇ!"

ಮಾಸ್ತಮ್ಮ ನನ್ನ ಮೇಲೆ ಕುಳಿತೇಬಿಟ್ಟಳು. "ನಾ ಏಳೂದಿಲ್ಲ." ಬೈಗುಳಗಳು ಸುರಿದವು. ಅವಳ ಮೈ ನಡುಗುತ್ತಿತ್ತು, ಅದರೊಡನೆ ನಾನೂ ನಡುಗಿದೆ. ಗೊಣಗುತ್ತಾ ಒಳಹೋದ ಜಟ್ಟಿ ಮಲಗಿದ್ದವರ ಶಾಲು ಸರಿಸಿದ. ಅದು ಬೇರೆ ಅಜ್ಜಿ.

ಕಾವಲುಗಾರ ಕಾಡಿಗೆ ಓಡಿದ. ಒರತೆಯ ಪಕ್ಕದಲ್ಲಿ ಕಾಲು ಉಳುಕಿ, ಕೂಗಿ ಕೂಗಿ ದನಿ ಬಿದ್ದುಹೋಗಿದ್ದ ಇಂದುಮತಿಬಾಯಿಯವರನ್ನು ಬೆನ್ನ ಮೇಲೆ ಹೊತ್ತು ತಂದ. ದಾಟುವಾಗ ಅವರು ಅವನ ಬೆನ್ನಿನಿಂದಲೇ ಕೋಲು ಚಾಚಿ ನನ್ನ ಗಂಟಿಗೆ ತಾಗಿಸಿದರು.

ಟೊಕ್.

ಆಗ ಟೋಪಿಯ ಪ್ರವಾಸಿಯೊಬ್ಬ ತಲೆ ತಗ್ಗಿಸಿದ. "ದಂಡೆಯಲ್ಲಿ ಚಂದದ್ದೊಂದು ಚಿಪ್ಪು ಆರಿಸಿಕೊಂಡಿದ್ದೆ. ಕಾವಲಿನವರು ಗದರಿದಾಗ ಹೆದರಿ ನನ್ನ ಚಿಪ್ಪಿನ ಜೊತೆ ಅದನ್ನೂ ಬುಟ್ಟಿಗೆ ಹಾಕಿಬಿಟ್ಟೆ."

ಜಟ್ಟಿ ಅವನನ್ನು ಬೈಯಲಿಲ್ಲ. ಹೆಂಡತಿಯ ಪಕ್ಕ ಕುಕ್ಕರಿಸಿ, "ನೀ ಕೂತಿದ್ದಕ್ಕೆ ನಾ ಉಳ್ದೆ ಕಣೇ" ಎಂದ. ಅಂದಿನಿಂದ ಚಿಪ್ಪು ಎಣಿಸಿದ ಮೇಲೂ ಅವನು ಕೇಳುತ್ತಿದ್ದ, ಹಾಸ್ಯಕ್ಕಲ್ಲ: "ಏನೇ, ಹಲಗೆ ಏನ್ ಹೇಳ್ತು?"

ಉಪ್ಪುನೀರು ನನ್ನ ತುದಿಗಳನ್ನು ತಿಂದಿತು. ಈಗ ನನ್ನ ಜಾಗದಲ್ಲಿ ಅಲ್ಯೂಮಿನಿಯಂ ಹಲಗೆ ಇದೆ. ಒಲೆಗೆ ಹಾಕಬಹುದಿತ್ತು. ಮಾಸ್ತಮ್ಮ ಬಿಡಲಿಲ್ಲ. ನನ್ನ ತುದಿಗಳನ್ನು ಕತ್ತರಿಸಿ, ಲಾಂಚಿನ ಮೂಲೆಯಲ್ಲಿ ತಾನು ಕೂರುವ ಮಣೆಯಾಗಿ ಮಾಡಿಸಿಕೊಂಡಳು. ಸಾವಿರ ಪಾದಗಳು ನನ್ನನ್ನು ತುಳಿದವು. ನನ್ನ ಸದ್ದಿಗೆ ಕಿವಿಗೊಟ್ಟವಳು ಒಬ್ಬಳು. ಮರಕ್ಕೆ ಅಷ್ಟು ಸಾಕು.

ಇಂದೂ ಹೊರಡುವ ಮುಂಚೆ ಜಟ್ಟಿ ಕೂಗುತ್ತಾನೆ: "ಏನೇ, ಹಲಗೆ ಏನ್ ಹೇಳ್ತು?"

ಮಾಸ್ತಮ್ಮ ಎದ್ದು ಎಲ್ಲರ ಮುಖವನ್ನೂ ಒಮ್ಮೆ ನೋಡಿ ಬರುತ್ತಾಳೆ. ಆಮೇಲೆ ಬೆರಳು ಮಡಚಿ ನನ್ನ ಗಂಟಿನ ಮೇಲೆ ಬಡಿಯುತ್ತಾಳೆ.

"ಎಲ್ಲಾ ಬಂದಾರಂತೆ. ಹೊರಡಿ."